ದೂರ ಹೋದವರ ದನಿ: ಹೊರನಾಡಿಗರ ರಾಜಕೀಯ ಪ್ರಭಾವ, ಹುಬ್ಬಳ್ಳಿ–ಧಾರವಾಡದಿಂದ ಒಂದು ನೋಟ

ಹುಬ್ಬಳ್ಳಿಯ ಚರಿತ್ರೆ ಬಲ್ಲವರಿಗೆ ಡಾ. ನಾ. ಸು. ಹರ್ಡೀಕರರ ಹೆಸರು ಸೇವಾದಳದ ಮೂಲಕ ಗೊತ್ತು. 1923ರ ನಾಗಪುರ ಧ್ವಜ ಸತ್ಯಾಗ್ರಹಕ್ಕೆ ಇಲ್ಲಿಂದ ತಂಡ ಕಟ್ಟಿಕೊಂಡು ಹೋಗಿ, ಕ್ಷಮೆ ಕೇಳಲು ಒಪ್ಪದೆ ಸೆರೆಮನೆವಾಸ ಅನುಭವಿಸಿ ಬಂದ ಅವರು ಅದೇ ವರ್ಷದ ಕೊನೆಗೆ ಕಾಕಿನಾಡ ಕಾಂಗ್ರೆಸ್ ಅಧಿವೇಶನದ ಹೊತ್ತಿಗೆ ಸ್ವಯಂಸೇವಕರ ಸಂಘಟನೆಗೆ ರೂಪ ಕೊಟ್ಟದ್ದನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಆದರೆ ಅದಕ್ಕೂ ಹಿಂದಿನ ಅಧ್ಯಾಯದ ಮಾತು ಅಪರೂಪಕ್ಕೆ ಬರುತ್ತದೆ. ಧಾರವಾಡದಲ್ಲಿ ಹುಟ್ಟಿದ ಈ ವೈದ್ಯರು 1910ರ ದಶಕದಲ್ಲಿ ಅಮೆರಿಕಕ್ಕೆ ಹೋಗಿ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಓದಿದರು. ಅಲ್ಲಿ ಲಾಲಾ ಲಜಪತ ರಾಯರ ಒಡನಾಟಕ್ಕೆ ಬಂದು, 1917ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಇಂಡಿಯಾ ಹೋಮ್ ರೂಲ್ ಲೀಗ್ ಆಫ್ ಅಮೆರಿಕದ ಕೆಲಸದಲ್ಲಿ ತೊಡಗಿಕೊಂಡರು. ಊರೂರು ತಿರುಗಿ ಭಾಷಣ ಮಾಡಿ, ಭಾರತಕ್ಕೆ ಸ್ವರಾಜ್ಯ ಏಕೆ ಬೇಕೆಂಬುದನ್ನು ಅಮೆರಿಕದ ಜನರಿಗೆ ತಿಳಿಹೇಳುವುದು ಆ ಕೆಲಸ.

ಆಗ ಅಮೆರಿಕದಲ್ಲಿದ್ದ ಭಾರತೀಯರ ಸ್ಥಿತಿ ಹೇಗಿತ್ತೆಂದರೆ, 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬುವರ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಭಾರತೀಯರು ಪೌರತ್ವಕ್ಕೇ ಅರ್ಹರಲ್ಲವೆಂದು ತೀರ್ಪಿತ್ತಿತು. ಪೌರತ್ವದ ಬಾಗಿಲು ತೆರೆದದ್ದು 1946ರಲ್ಲಿ, ಅದೂ ವರ್ಷಕ್ಕೆ ನೂರು ಜನ ಒಳಬರಬಹುದೆಂಬ ಮಿತಿಯೊಡನೆ. ಹೀಗೆ ಅಲ್ಲಿಯೂ ಮತವಿಲ್ಲದ, ಬ್ರಿಟಿಷರ ಕೈಯಲ್ಲಿದ್ದ ತಾಯ್ನಾಡಿನಲ್ಲಿಯೂ ಮತವಿಲ್ಲದ ಒಂದು ಸಣ್ಣ ಗುಂಪು ಎರಡೂ ದೇಶಗಳ ಅಭಿಪ್ರಾಯವನ್ನು ತಿದ್ದಲು ಹೊರಟಿತ್ತು. ಹರ್ಡೀಕರರು 1921ರಲ್ಲಿ ಮರಳಿ ಬರುವಾಗ ಸಂಘಟನೆಯ ಶಿಸ್ತನ್ನು ಜೊತೆಗೆ ತಂದರು. ಸೇವಾದಳಕ್ಕೆ ಅದು ಅಡಿಪಾಯವಾಯಿತು.

ಹೊರನಾಡಿಗರ ರಾಜಕೀಯ ಪ್ರಭಾವದ ಚರ್ಚೆಯನ್ನು ಹರ್ಡೀಕರರಿಂದ ಆರಂಭಿಸಲು ಕಾರಣವಿದೆ. ಇಂದು ಈ ವಿಷಯ ಬಂದ ಕೂಡಲೇ ನಾವು ತಲೆ ಎಣಿಸಲು ತೊಡಗುತ್ತೇವೆ: ಯಾವ ದೇಶದ ಸಂಸತ್ತಿನಲ್ಲಿ ನಮ್ಮವರು ಎಷ್ಟು, ಯಾವ ಸಚಿವ ಸಂಪುಟದಲ್ಲಿ ಎಷ್ಟು ಎಂದು. ವಿದೇಶಾಂಗ ಸಚಿವಾಲಯದ ಲೆಕ್ಕದಂತೆ ಹೊರದೇಶಗಳಲ್ಲಿರುವ ಭಾರತೀಯರು ಮತ್ತು ಭಾರತೀಯ ಮೂಲದವರು ಸುಮಾರು ಮೂರೂವರೆ ಕೋಟಿ. ಈ ಮೂರೂವರೆ ಕೋಟಿಯನ್ನು ಒಂದೇ ಸಮುದಾಯವೆಂದು ಭಾವಿಸಿ ಮಾತಾಡುವುದರಲ್ಲಿಯೇ ಮೊದಲ ತಪ್ಪಿದೆ ಎಂಬುದು ನನ್ನ ಅಭಿಪ್ರಾಯ. ಇದರೊಳಗೆ ಎರಡು ಪಾಲುಗಳಿವೆ. ಒಂದು, ನೆಲೆಸಿದ ದೇಶದ ಪೌರತ್ವ ಪಡೆದು ಭಾರತದ ಪಾಸ್‌ಪೋರ್ಟನ್ನು ಹಿಂದಿರುಗಿಸಿದವರದು. ಇನ್ನೊಂದು, ಭಾರತದ ಪಾಸ್‌ಪೋರ್ಟನ್ನೇ ಇಟ್ಟುಕೊಂಡು ದುಡಿಯುತ್ತಿರುವವರದು. ಕೊಲ್ಲಿ ದೇಶಗಳಲ್ಲಿರುವ ಸುಮಾರು 90 ಲಕ್ಷ ಜನರಲ್ಲಿ ಹೆಚ್ಚುಕಡಿಮೆ ಎಲ್ಲರೂ ಇದೇ ಪಾಲಿನವರು. ಕಾನೂನಿನ ಪ್ರಕಾರ ಭಾರತದ ರಾಜಕೀಯದಲ್ಲಿ ಹಕ್ಕುಳ್ಳವರು ಈ ಎರಡನೆಯವರು. ನಡೆಯುವ ಮಾತು ಮಾತ್ರ ಮೊದಲನೆಯವರದು. ಹಕ್ಕು ಬಿಟ್ಟವರಿಗೆ ದನಿ, ಹಕ್ಕು ಉಳಿಸಿಕೊಂಡವರಿಗೆ ಮೌನ ಎಂಬ ಈ ವಿಪರ್ಯಾಸ ಹೇಗೆ ಹುಟ್ಟಿತೆಂಬುದನ್ನು ಬಿಡಿಸಿ ನೋಡಬೇಕಾಗಿದೆ.

ಮತದ ವಿಚಾರವನ್ನೇ ಮೊದಲು ತೆಗೆದುಕೊಳ್ಳೋಣ. ಜನತಾ ಪ್ರಾತಿನಿಧ್ಯ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ತಂದು 20ಎ ಎಂಬ ಕಲಮನ್ನು ಸೇರಿಸಲಾಯಿತು. ಉದ್ಯೋಗಕ್ಕೋ ಓದಿಗೋ ಹೊರದೇಶಕ್ಕೆ ಹೋಗಿರುವ, ಬೇರೆ ದೇಶದ ಪೌರತ್ವ ಪಡೆಯದ ಭಾರತೀಯರು ಫಾರ್ಮ್ 6ಎ ತುಂಬಿ, ಪಾಸ್‌ಪೋರ್ಟಿನಲ್ಲಿರುವ ಊರಿನ ಮತದಾರರ ಪಟ್ಟಿಗೆ ಸೇರಬಹುದು. ಆದರೆ ಮತದಾನದ ದಿನ ಮೂಲ ಪಾಸ್‌ಪೋರ್ಟನ್ನು ಹಿಡಿದು ಮತಗಟ್ಟೆಗೆ ಖುದ್ದಾಗಿ ಬರಬೇಕು. ಅಂಚೆ ಮತವಿಲ್ಲ, ಬೇರೆಯವರ ಮೂಲಕ ಹಾಕಿಸುವ ಅವಕಾಶವೂ ಇಲ್ಲ. ಹಳೇ ಹುಬ್ಬಳ್ಳಿಯಿಂದ ದುಬೈಗೆ ಹೋಗಿರುವ ಎಲೆಕ್ಟ್ರಿಷಿಯನ್ ಒಬ್ಬನಿಗೆ ಇದರ ಅರ್ಥವೇನೆಂದು ಯೋಚಿಸಬೇಕು. ಹುಬ್ಬಳ್ಳಿಗೆ ನೇರ ವಿದೇಶಿ ವಿಮಾನವಿಲ್ಲ. ಬೆಂಗಳೂರಿನಲ್ಲೋ ಗೋವಾದಲ್ಲೋ ಇಳಿದು ರೈಲು ಅಥವಾ ಬಸ್ಸು ಹಿಡಿಯಬೇಕು. ರಜೆಯನ್ನು ಮಾಲೀಕ ಕೊಡಬೇಕು, ಕೊಟ್ಟರೂ ಆ ದಿನಗಳ ಸಂಬಳ ಸಿಗುವ ಭರವಸೆಯಿಲ್ಲ. ಒಂದು ಮತಕ್ಕೆ ತಿಂಗಳ ದುಡಿಮೆಯನ್ನೇ ತೆರಬೇಕಾದೀತು.

ಪರಿಣಾಮ ಚುನಾವಣಾ ಆಯೋಗದ ಅಂಕಿಅಂಶಗಳಲ್ಲಿಯೇ ಕಾಣುತ್ತದೆ. 2024ರ ಲೋಕಸಭಾ ಚುನಾವಣೆಯಲ್ಲಿ ನೋಂದಾಯಿತ ಸಾಗರೋತ್ತರ ಮತದಾರರು 1,19,374. ಬಂದು ಮತ ಹಾಕಿದವರು 2,958. ಈ ಪೈಕಿ 2,670 ಜನ ಕೇರಳದವರು. ಉಳಿದ ಇಡೀ ದೇಶಕ್ಕೆ ಸೇರಿ 288. ನೋಂದಣಿಯಲ್ಲಿಯೂ ಕೇರಳದ್ದೇ ಮುಕ್ಕಾಲು ಪಾಲು. ಈ ವ್ಯತ್ಯಾಸ ಮಲಯಾಳಿಗಳ ದೇಶಪ್ರೇಮ ಹೆಚ್ಚೆಂಬುದರಿಂದ ಬಂದುದಲ್ಲ. ಅಲ್ಲಿ ಪಕ್ಷಗಳ ಬೆಂಬಲಿಗ ಸಂಘಟನೆಗಳು ಕೊಲ್ಲಿ ದೇಶಗಳಲ್ಲಿ ದಶಕಗಳಿಂದ ಬೇರುಬಿಟ್ಟಿವೆ, ಚುನಾವಣೆಗೆ ಗುಂಪುಗುಂಪಾಗಿ ಊರಿಗೆ ಕರೆತರುವ ಏರ್ಪಾಡು ಮಾಡುತ್ತವೆ. 1996ರಿಂದ ಅನಿವಾಸಿಗಳಿಗಾಗಿಯೇ ನೋರ್ಕಾ ಎಂಬ ಸರ್ಕಾರಿ ಇಲಾಖೆಯಿದೆ, 2018ರಿಂದ ಹೊರನಾಡಿನ ಮಲಯಾಳಿಗಳ ಪ್ರತಿನಿಧಿಗಳೂ ಕೂಡುವ ಲೋಕ ಕೇರಳ ಸಭಾ ಸೇರುತ್ತಿದೆ. ಬೇರೆಯವರ ಮೂಲಕ ಮತ ಹಾಕಿಸಲು ಅವಕಾಶ ಕೊಡುವ ಮಸೂದೆಯೊಂದನ್ನು ಲೋಕಸಭೆ 2018ರ ಆಗಸ್ಟಿನಲ್ಲಿ ಅಂಗೀಕರಿಸಿತ್ತು. ಮರುವರ್ಷ ಸದನದ ಅವಧಿ ಮುಗಿದಾಗ ಅದೂ ಬಿದ್ದುಹೋಯಿತು. ಸೈನಿಕರಿಗಿರುವ ವಿದ್ಯುನ್ಮಾನ ಅಂಚೆ ಮತದ ಸೌಲಭ್ಯವನ್ನು ಅನಿವಾಸಿಗಳಿಗೂ ವಿಸ್ತರಿಸಬಹುದೆಂದು ಚುನಾವಣಾ ಆಯೋಗ 2020ರ ನವೆಂಬರಿನಲ್ಲಿ ಕಾನೂನು ಸಚಿವಾಲಯಕ್ಕೆ ತಿಳಿಸಿತು. ಅದರ ನಂತರವೂ 2024ರಲ್ಲಿ ಮತ ಹಾಕಬಯಸಿದವರು ವಿಮಾನ ಹತ್ತಿಯೇ ಬರಬೇಕಾಯಿತು.

ಮತ ಕೈಗೆಟುಕದಿದ್ದರೂ ಹಣ ಬರುತ್ತದೆ. 2024–25ರಲ್ಲಿ ಹೊರದೇಶಗಳಿಂದ ಭಾರತಕ್ಕೆ ಬಂದ ಮೊತ್ತ 13,500 ಕೋಟಿ ಡಾಲರಿಗೂ ಮಿಕ್ಕಿದ್ದು. 2023–24ರ ಬಗ್ಗೆ ರಿಸರ್ವ್ ಬ್ಯಾಂಕ್ ನಡೆಸಿದ ಸಮೀಕ್ಷೆಯ ಪ್ರಕಾರ ಅದರಲ್ಲಿ ಅಮೆರಿಕದ ಪಾಲು ಶೇ 27.7, ಸಂಯುಕ್ತ ಅರಬ್ ಸಂಸ್ಥಾನದ್ದು ಶೇ 19.2, ಪಡೆಯುವ ರಾಜ್ಯಗಳಲ್ಲಿ ಮಹಾರಾಷ್ಟ್ರ ಮತ್ತು ಕೇರಳ ಮುಂದಿದ್ದು, ಕರ್ನಾಟಕಕ್ಕೆ ಶೇ 7.7 ಬರುತ್ತದೆ. ಹಣ ಕಳಿಸುವ ಮಗನ ಮಾತಿಗೆ ಮನೆಯಲ್ಲಿ ತೂಕವಿರುತ್ತದೆ. ಚುನಾವಣೆಯ ಹಿಂದಿನ ವಾರ ಅವನು ಫೋನಿನಲ್ಲಿ ಹೇಳುವುದು, ವಾಟ್ಸ್‌ಆ್ಯಪಿನಲ್ಲಿ ಕಳಿಸುವುದು ಯಾವ ಆಯೋಗದ ಲೆಕ್ಕಕ್ಕೂ ಸಿಗದ ಪ್ರಭಾವ. ಪಂಜಾಬಿನಲ್ಲಿ ಇದು ಎದ್ದುಕಂಡಿತು. 2014ರಲ್ಲಿ ಆಮ್ ಆದ್ಮಿ ಪಕ್ಷ ಗೆದ್ದ ನಾಲ್ಕೂ ಲೋಕಸಭಾ ಸ್ಥಾನಗಳು ಅಲ್ಲಿಯವೇ ಆಗಿದ್ದವು, ಮತ್ತು ಕೆನಡಾ, ಬ್ರಿಟನ್‌ಗಳ ಪಂಜಾಬಿಗಳು ಹಣ, ದೂರವಾಣಿ ಕರೆ, ಪ್ರಚಾರಗಳ ಮೂಲಕ ಅದರ ಬೆನ್ನಿಗೆ ನಿಂತಿದ್ದರು. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಗಳಿಕೆಯಿಂದ ಪಕ್ಷಕ್ಕೆ ದೇಣಿಗೆ ಕೊಡಬಹುದು. ಸಾಗರೋತ್ತರ ಭಾರತೀಯ ಪೌರರೆಂಬ ಒಸಿಐ ಕಾರ್ಡು ಇದ್ದರೂ ಬೇರೆ ದೇಶದ ಪೌರರಾದವರು ಕೊಡುವಂತಿಲ್ಲ. ಕಾರ್ಡಿನ ಹೆಸರಿನಲ್ಲಿ ‘ಪೌರ’ ಎಂಬ ಪದವಿದ್ದರೂ ಅದು ಪೌರತ್ವವಲ್ಲ. ಸಂವಿಧಾನದ 9ನೇ ವಿಧಿ ಎರಡು ಪೌರತ್ವಗಳಿಗೆ ಅವಕಾಶ ಕೊಡುವುದಿಲ್ಲವಾದ್ದರಿಂದ, ಆ ಕಾರ್ಡು ಬಹುಕಾಲದ ವೀಸಾಕ್ಕೆ ಕೊಟ್ಟ ಗೌರವದ ಹೆಸರು ಎಂದರೆ ಸರಿಯಾದೀತು.

ಹಾಗಾದರೆ ಪೌರತ್ವ ಬಿಟ್ಟವರ ಮಾತು ಹೆಚ್ಚು ನಡೆಯುವುದೇಕೆ? ಅವರು ನೆಲೆಸಿದ ದೇಶದಲ್ಲಿ ಮತದಾರರು, ದಾನಿಗಳು, ಅಭ್ಯರ್ಥಿಗಳು. ಆ ದೇಶದ ಸರ್ಕಾರದೊಡನೆ ದಿಲ್ಲಿಗೆ ಕೆಲಸವಿದ್ದಾಗ ಅವರು ಬೇಕಾಗುತ್ತಾರೆ. ಭಾರತ–ಅಮೆರಿಕ ಪರಮಾಣು ಒಪ್ಪಂದ ಇದಕ್ಕೆ ಒಳ್ಳೆಯ ನಿದರ್ಶನ. 2005ರಲ್ಲಿ ಘೋಷಣೆಯಾದ ಆ ಒಪ್ಪಂದಕ್ಕೆ ಅಮೆರಿಕದ ಕಾಂಗ್ರೆಸ್ಸಿನ ಒಪ್ಪಿಗೆ ಬೇಕಿತ್ತು. ಭಾರತೀಯ ಮೂಲದ ವೈದ್ಯರು, ಹೋಟೆಲ್ ಮಾಲೀಕರು, ಉದ್ಯಮಿಗಳು ತಮ್ಮ ತಮ್ಮ ಕ್ಷೇತ್ರದ ಪ್ರತಿನಿಧಿಗಳನ್ನು ಕಂಡು, ಪತ್ರ ಬರೆದು, ನಿಧಿ ಸಂಗ್ರಹದ ಕೂಟಗಳನ್ನು ನಡೆಸಿ ಒತ್ತಾಯಿಸಿದರು. 2006ರ ಕೊನೆಗೆ ಒಪ್ಪಂದಕ್ಕೆ ದಾರಿ ಮಾಡಿಕೊಟ್ಟ ಹೈಡ್ ಕಾಯ್ದೆ ಜಾರಿಗೆ ಬಂತು. ದೇಶದ ಹಲವು ಅಣುಸ್ಥಾವರಗಳಿಗೆ ಹೊರಗಿನ ಯುರೇನಿಯಂ ದೊರೆಯುವ ದಾರಿ ತೆರೆದುದರ ಹಿಂದೆ, ನ್ಯೂಜೆರ್ಸಿಯ ಯಾವುದೋ ಊರಿನ ವೈದ್ಯರೊಬ್ಬರು ತಮ್ಮ ಪ್ರತಿನಿಧಿಯೊಡನೆ ಆಡಿದ ಮಾತಿನ ಪಾಲೂ ಇರಬಹುದು.

ಈ ಯಶಸ್ಸಿನಿಂದ ಒಂದು ಅತಿಯಾದ ವಿಶ್ವಾಸ ಹುಟ್ಟಿತು. 2019ರ ಸೆಪ್ಟೆಂಬರಿನಲ್ಲಿ ಹ್ಯೂಸ್ಟನ್‌ನಲ್ಲಿ ಸುಮಾರು ಐವತ್ತು ಸಾವಿರ ಜನರ ಮುಂದೆ ಭಾರತದ ಪ್ರಧಾನಿ ಮತ್ತು ಅಮೆರಿಕದ ಅಧ್ಯಕ್ಷರು ಒಂದೇ ವೇದಿಕೆಯಲ್ಲಿ ನಿಂತಾಗ, ಇನ್ನು ಮುಂದೆ ಅಮೆರಿಕದ ಭಾರತ ನೀತಿಯನ್ನು ಅಲ್ಲಿನ ನಮ್ಮವರೇ ಕಾಯುತ್ತಾರೆಂದು ನಂಬಿದವರು ಬಹಳ ಜನ. 2025ರಲ್ಲಿ ಆ ನಂಬಿಕೆಗೆ ಪೆಟ್ಟು ಬಿತ್ತು. ಜನವರಿಯಲ್ಲಿ ಅಮೆರಿಕದ ಕೆಳಮನೆಯಲ್ಲಿ ಪ್ರಮಾಣವಚನ ಸ್ವೀಕರಿಸಿದ ಭಾರತೀಯ ಮೂಲದವರು ಆರು ಜನ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ ಅವರಲ್ಲೊಬ್ಬರು. ಅದೇ ವರ್ಷದ ಆಗಸ್ಟಿನಲ್ಲಿ ಭಾರತದ ಸರಕಿನ ಮೇಲೆ ಶೇ 50ರ ಸುಂಕ ಬಿತ್ತು. ಸೆಪ್ಟೆಂಬರಿನಲ್ಲಿ ಪರಿಣತ ಉದ್ಯೋಗಿಗಳಿಗೆ ಕೊಡುವ ಹೊಸ ಎಚ್‌-1ಬಿ ವೀಸಾಗೆ ಒಂದು ಲಕ್ಷ ಡಾಲರ್ ಶುಲ್ಕ ವಿಧಿಸಲಾಯಿತು. ಆ ವೀಸಾ ಪಡೆಯುವವರಲ್ಲಿ ಶೇ 70ಕ್ಕೂ ಹೆಚ್ಚು ಭಾರತೀಯರು. ಅನಿವಾಸಿ ಸಂಘಟನೆಗಳಿಂದ ಗಟ್ಟಿಯಾದ ಪ್ರತಿರೋಧ ಬರಲಿಲ್ಲ. ನೆಲೆ ನಿಂತವರಿಗೂ ಹೊಸದಾಗಿ ಬರುವವರಿಗೂ ಹಿತಾಸಕ್ತಿ ಒಂದೇ ಆಗಿರುವುದಿಲ್ಲ ಎಂಬುದು ಇದಕ್ಕೆ ಒಂದು ಕಾರಣ. ಹಸಿರು ಕಾರ್ಡಿಗಾಗಿ, ಎಂದರೆ ಕಾಯಂ ವಾಸದ ಪರವಾನಗಿಗಾಗಿ, ಸಾಲಿನಲ್ಲಿ ನಿಂತವರು ದನಿ ಎತ್ತಲು ಹೆದರುವುದು ಇನ್ನೊಂದು. ಪೌರರಾದವರಿಗೆ ತಮ್ಮ ನಿಷ್ಠೆಯ ಮೇಲೆ ಸಂಶಯ ಬಾರದಿರಲಿ ಎಂಬ ಅಳುಕು ಮತ್ತೊಂದು. ಈ ಅಳುಕಿಗೆ ಆಧಾರವಿದೆ ಎಂಬುದನ್ನು ಕೆನಡಾದ ಪ್ರಸಂಗ ತೋರಿಸುತ್ತದೆ.

ಚಂದ್ರ ಆರ್ಯ ಅವರ ಹೆಸರು ಧಾರವಾಡಕ್ಕೆ ಪರಿಚಿತ. ತುಮಕೂರು ಜಿಲ್ಲೆಯ ಸಿರಾ ತಾಲ್ಲೂಕಿನವರಾದ ಅವರು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಬಿ.ಎ. ಓದಿದವರು. 2006ರಲ್ಲಿ ಕೆನಡಾಕ್ಕೆ ಹೋಗಿ, 2015ರಲ್ಲಿ ಒಟ್ಟಾವಾದ ನೇಪಿಯನ್ ಕ್ಷೇತ್ರದಿಂದ ಲಿಬರಲ್ ಪಕ್ಷದ ಸಂಸದರಾದರು. 2022ರ ಮೇ 19ರಂದು ಅವರು ಅಲ್ಲಿನ ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತಾಡಿದ ವಿಡಿಯೊ ಇಲ್ಲಿ ಮನೆಮನೆಯನ್ನೂ ಮುಟ್ಟಿತು. ನನಗೂ ಅಂದು ಎದೆ ತುಂಬಿ ಬಂದಿತ್ತೆಂದು ಹೇಳಲು ಸಂಕೋಚವಿಲ್ಲ. ಖಾಲಿಸ್ತಾನಿ ಪ್ರತ್ಯೇಕತಾವಾದದ ವಿರುದ್ಧ ಅವರು ಸದನದಲ್ಲಿ ಮತ್ತೆಮತ್ತೆ ಮಾತಾಡಿದರು. 2024ರ ಆಗಸ್ಟಿನಲ್ಲಿ ದಿಲ್ಲಿಗೆ ಬಂದು ಪ್ರಧಾನಿ ಮೋದಿಯವರನ್ನು ಭೇಟಿಯಾದರು. 2025ರ ಜನವರಿಯಲ್ಲಿ ಪಕ್ಷದ ನಾಯಕತ್ವಕ್ಕೆ ಸ್ಪರ್ಧಿಸಲು ಹೊರಟಾಗ ಪಕ್ಷ ಅವರನ್ನು ತಡೆಯಿತು. ಮಾರ್ಚಿನಲ್ಲಿ ನೇಪಿಯನ್‌ನ ಅವರ ಟಿಕೆಟನ್ನೂ ಹಿಂದಕ್ಕೆ ಪಡೆಯಿತು. ಅದೇ ಕ್ಷೇತ್ರದಿಂದ ಪಕ್ಷದ ಹೊಸ ನಾಯಕ ಮಾರ್ಕ್ ಕಾರ್ನಿ ನಿಂತು ಗೆದ್ದರು. ಭಾರತ ಸರ್ಕಾರದೊಡನೆ ಇರಬಹುದಾದ ಸಂಬಂಧವೇ ಕಾರಣವೆಂದು ಅಲ್ಲಿನ ಪತ್ರಿಕೆಯೊಂದು ವರದಿ ಮಾಡಿತು. ಸಂಸದನಾಗಿ ಅನೇಕ ರಾಜತಾಂತ್ರಿಕರನ್ನೂ ಸರ್ಕಾರಗಳ ಮುಖ್ಯಸ್ಥರನ್ನೂ ಕಂಡಿದ್ದೇನೆ, ಅದಕ್ಕೆ ಯಾರ ಅನುಮತಿಯನ್ನೂ ಪಡೆಯಬೇಕಾಗಿರಲಿಲ್ಲ ಎಂಬುದು ಆರ್ಯ ಅವರ ಉತ್ತರವಾಗಿತ್ತು.

ಈ ಘಟನೆಯ ಹಿಂದಿನ ಕಾಲವನ್ನು ಗಮನಿಸಬೇಕು. 2023ರ ಜೂನ್ 18ರಂದು ಕೆನಡಾದ ಬ್ರಿಟಿಷ್ ಕೊಲಂಬಿಯಾದ ಸರ್ರೆಯಲ್ಲಿ, ಸಿಖ್ಖರಿಗೆ ಪ್ರತ್ಯೇಕ ದೇಶ ಕೇಳುತ್ತಿದ್ದ ಖಾಲಿಸ್ತಾನಿ ಮುಖಂಡ ಹರ್‌ದೀಪ್ ಸಿಂಗ್ ನಿಜ್ಜರ್ ಹತ್ಯೆಯಾಯಿತು. ಸೆಪ್ಟೆಂಬರಿನಲ್ಲಿ ಪ್ರಧಾನಿ ಟ್ರುಡೊ ಅದರ ಹಿಂದೆ ಭಾರತದ ಕೈವಾಡದ ಆರೋಪ ಮಾಡಿದರು, ಭಾರತ ಅದನ್ನು ನಿರಾಕರಿಸಿತು. ಸೆಪ್ಟೆಂಬರ್ 21ರಿಂದ ಕೆನಡಾದ ಪೌರರಿಗೆ ಭಾರತದ ವೀಸಾ ನಿಂತಿತು. ಊರಿನ ಮದುವೆಗೋ ಮಣ್ಣಿಗೋ ಬರಬೇಕೆಂದವರು, ಒಸಿಐ ಕಾರ್ಡು ಇಲ್ಲದಿದ್ದರೆ, ಅಲ್ಲಿಯೇ ಉಳಿಯಬೇಕಾಯಿತು. ಇಲ್ಲಿ ತಿಳಿದುಕೊಳ್ಳಬೇಕಾದ ಸೂಕ್ಷ್ಮವೊಂದಿದೆ. ಕೆನಡಾದ 2021ರ ಜನಗಣತಿಯಂತೆ ಸಿಖ್ಖರು ಶೇ 2.1 ಮಾತ್ರ. ಅವರು ಬ್ರಾಂಪ್ಟನ್, ಸರ್ರೆಯಂತಹ ಕೆಲವೇ ಊರುಗಳಲ್ಲಿ ಒತ್ತಾಗಿ ನೆಲೆಸಿದ್ದಾರೆ. ಅಲ್ಲಿ ಪಕ್ಷದ ಅಭ್ಯರ್ಥಿ ಯಾರೆಂಬುದನ್ನು ಸ್ಥಳೀಯ ಸದಸ್ಯರು ಆರಿಸುತ್ತಾರೆ, ಪೌರರಲ್ಲದವರೂ ಸದಸ್ಯರಾಗಬಹುದು. ಕೆಲವು ನೂರು ಜನರನ್ನು ಬಸ್ಸಿನಲ್ಲಿ ಕರೆತಂದರೆ ಟಿಕೆಟು ಗೆಲ್ಲಬಹುದಾದ ವ್ಯವಸ್ಥೆಯಲ್ಲಿ ಸಂಖ್ಯೆಗಿಂತ ಒಗ್ಗಟ್ಟು ದೊಡ್ಡದು. ಹೊರದೇಶಗಳ ಹಸ್ತಕ್ಷೇಪವನ್ನು ವಿಚಾರಣೆ ಮಾಡಿದ ಹೋಗ್ ಆಯೋಗವೂ ಇದೇ ಹಂತವನ್ನು ಸಡಿಲವಾದ ಬಾಗಿಲೆಂದು ಗುರುತಿಸಿತು. ಒಂದು ಸಮುದಾಯ ಹೀಗೆ ಬಲ ಗಳಿಸಿದಾಗ ನಾವು ಆತಂಕಪಡುತ್ತೇವೆ, ಇನ್ನೊಂದು ಗಳಿಸಿದಾಗ ಸಂಭ್ರಮಿಸುತ್ತೇವೆ. ಎರಡರಲ್ಲೂ ದಾರಿ ಒಂದೇ ಎಂಬುದನ್ನು ಒಪ್ಪಿಕೊಂಡರೆ ವಿಷಯ ಸ್ಪಷ್ಟವಾಗುತ್ತದೆ.

ಬ್ರಿಟನ್ನಿನ ಕಥೆ ಹುಬ್ಬಳ್ಳಿಗೆ ಇನ್ನೂ ಹತ್ತಿರದ್ದು. ಶಿಗ್ಗಾವಿಯಲ್ಲಿ ಹುಟ್ಟಿ, ಹುಬ್ಬಳ್ಳಿಯ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ಸುಧಾ ಮೂರ್ತಿಯವರ ಮಗಳು ಅಕ್ಷತಾ ಹುಟ್ಟಿದ್ದು ಹುಬ್ಬಳ್ಳಿಯಲ್ಲಿ. 2022ರ ದೀಪಾವಳಿಯ ದಿನ ಅಕ್ಷತಾ ಅವರ ಪತಿ ರಿಷಿ ಸುನಕ್ ಕನ್ಸರ್ವೇಟಿವ್ ಪಕ್ಷದ ನಾಯಕರಾಗಿ ಆಯ್ಕೆಯಾಗಿ ಮರುದಿನ ಪ್ರಧಾನಿಯಾದಾಗ ‘ಹುಬ್ಬಳ್ಳಿಯ ಅಳಿಯ’ ಎಂದು ಇಲ್ಲಿ ಹೆಮ್ಮೆಪಟ್ಟೆವು. ಅದಕ್ಕೆ ಆರು ತಿಂಗಳ ಮೊದಲು, ಅವರು ಹಣಕಾಸು ಸಚಿವರಾಗಿದ್ದಾಗ, ಅಕ್ಷತಾ ಅವರ ‘ನಾನ್-ಡಾಮ್’ ತೆರಿಗೆ ಸ್ಥಾನಮಾನ ದೊಡ್ಡ ವಿವಾದವಾಗಿತ್ತು. ಬ್ರಿಟನ್ನಿನಲ್ಲಿ ವಾಸವಿದ್ದರೂ ಶಾಶ್ವತ ನೆಲೆ ಬೇರೆ ದೇಶದ್ದೆಂದು ತೋರಿಸಿ, ಹೊರದೇಶದ ಆದಾಯಕ್ಕೆ ಅಲ್ಲಿ ತೆರಿಗೆ ಕೊಡದಿರಲು ಅವಕಾಶ ನೀಡುವ ಹಳೆಯ ನಿಯಮ ಅದು. ಇನ್ಫೊಸಿಸ್ ಷೇರುಗಳ ಲಾಭಾಂಶ ಆ ಚರ್ಚೆಯ ಕೇಂದ್ರವಾಗಿತ್ತು. 2022ರ ಏಪ್ರಿಲಿನಲ್ಲಿ ಅವರು ತಮ್ಮ ಎಲ್ಲ ಆದಾಯಕ್ಕೂ ಬ್ರಿಟನ್ನಿನಲ್ಲಿ ತೆರಿಗೆ ಕಟ್ಟುವುದಾಗಿ ಘೋಷಿಸಿದರು. 2024ರ ಮಾರ್ಚಿನಲ್ಲಿ ಸುನಕ್ ಸರ್ಕಾರವೇ ಆ ನಿಯಮವನ್ನು ರದ್ದುಪಡಿಸುವ ನಿರ್ಧಾರ ಪ್ರಕಟಿಸಿತು. ತವರಿನೊಡನೆ ಉಳಿದ ಆರ್ಥಿಕ ನಂಟೊಂದು ನೆಲೆಸಿದ ದೇಶದ ತೆರಿಗೆ ಚರ್ಚೆಗೆ ಇಂಧನವಾದ ಬಗೆ ಇದು.

ಇದಕ್ಕಿಂತ ಮುಖ್ಯವಾದುದು ಸುನಕ್ ಸರ್ಕಾರದ ವಲಸೆ ನೀತಿ. 2024ರ ಜನವರಿಯಿಂದ ಬಹುತೇಕ ವಿದೇಶಿ ವಿದ್ಯಾರ್ಥಿಗಳು, ಮಾರ್ಚಿನಿಂದ ಆರೈಕೆ ಕೆಲಸದವರು ಗಂಡ–ಹೆಂಡತಿ–ಮಕ್ಕಳನ್ನು ಜೊತೆಗೆ ಕರೆತರದಂತೆ ನಿಯಮ ಬಂತು. ಕುಟುಂಬ ವೀಸಾಗೆ ಬೇಕಾದ ಕನಿಷ್ಠ ಆದಾಯ ಏಪ್ರಿಲಿನಲ್ಲಿ 18,600ರಿಂದ 29,000 ಪೌಂಡಿಗೆ ಏರಿತು. ಧಾರವಾಡದಿಂದ ಸಾಲ ಮಾಡಿ ಎಂ.ಎಸ್ಸಿ. ಓದಲು ಹೋದ ಹುಡುಗಿಗೆ ಪ್ರಧಾನಿ ಹುಬ್ಬಳ್ಳಿಯ ಅಳಿಯನಾಗಿದ್ದರಿಂದ ಯಾವ ಅನುಕೂಲವೂ ಆಗಲಿಲ್ಲ. ಇದರಲ್ಲಿ ಸುನಕ್ ಅವರ ತಪ್ಪನ್ನು ಹುಡುಕುವುದು ಸರಿಯಲ್ಲ. ಸೌತಾಂಪ್ಟನ್ನಿನಲ್ಲಿ ಹುಟ್ಟಿದ ಅವರು ಬ್ರಿಟನ್ನಿನ ರಾಜಕಾರಣಿ, ಅಲ್ಲಿನ ಮತದಾರರಿಗೆ ಉತ್ತರದಾಯಿ. ನಾವು ಅವರಲ್ಲಿ ಹುಡುಕಿದ ತವರು ಅವರಲ್ಲಿ ಇರಬೇಕಾದ ಅಗತ್ಯವೂ ಇರಲಿಲ್ಲ.

ಹೋದವರು ತಮ್ಮೊಡನೆ ಊರಿನ ಒಳಗಿನ ಭೇದಗಳನ್ನೂ ಒಯ್ಯುತ್ತಾರೆ, ಊರಿನ ಒಳ್ಳೆಯದನ್ನೂ ಒಯ್ಯುತ್ತಾರೆ. ಲಂಡನ್ನಿನಲ್ಲಿ ಥೇಮ್ಸ್ ನದಿಯ ದಂಡೆಯ ಮೇಲೆ, ಸಂಸತ್ತಿಗೆ ಹೆಚ್ಚು ದೂರವಿಲ್ಲದ ಜಾಗದಲ್ಲಿ ಬಸವಣ್ಣನವರ ಪ್ರತಿಮೆಯಿದೆ. ಲ್ಯಾಂಬೆತ್‌ನ ಮೇಯರ್ ಆಗಿದ್ದ ಕಲಬುರಗಿ ಮೂಲದ ನೀರಜ್ ಪಾಟೀಲರ ಪ್ರಯತ್ನದಿಂದ ಆದದ್ದು. 2015ರ ನವೆಂಬರ್ 14ರಂದು ಮೋದಿಯವರು ಅದನ್ನು ಅನಾವರಣ ಮಾಡಿದರು. ಗದಗ, ಧಾರವಾಡಗಳ ಮಠಪರಂಪರೆಯಲ್ಲಿ ಬೆಳೆದವರಿಗೆ ಅದು ಸಂತೋಷದ ದಿನ, ಕರ್ನಾಟಕದ ಮತಲೆಕ್ಕ ಬಲ್ಲವರಿಗೆ ರಾಜಕೀಯದ ದಿನವೂ ಹೌದು. ಜಾತಿಭೇದವನ್ನು ತಿರಸ್ಕರಿಸಿದ ಶರಣರ ಹೆಸರನ್ನು ಹೊರನಾಡಿಗೆ ಒಯ್ದ ಅದೇ ಕಾಲದಲ್ಲಿ ಜಾತಿಯೂ ಹಡಗು ಹತ್ತಿತ್ತೆಂಬುದು ಅಮೆರಿಕದಲ್ಲಿ ಸಾಬೀತಾಯಿತು. 2023ರ ಫೆಬ್ರುವರಿಯಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ನಿಷೇಧಿಸಿತು. ಕ್ಯಾಲಿಫೋರ್ನಿಯಾದ ಶಾಸನಸಭೆ ಅಂತಹದೇ ಮಸೂದೆಯನ್ನು ಅಂಗೀಕರಿಸಿತು, ಆದರೆ ಗವರ್ನರ್ ನ್ಯೂಸಮ್ ಅಕ್ಟೋಬರಿನಲ್ಲಿ ಅದಕ್ಕೆ ಸಹಿ ಹಾಕಲಿಲ್ಲ. ಮಸೂದೆಯ ಪರವಾಗಿ ಉಪವಾಸ ಕೂತವರೂ ಭಾರತೀಯ ಮೂಲದವರು, ವಿರುದ್ಧವಾಗಿ ಗವರ್ನರರ ಮೇಲೆ ಒತ್ತಡ ತಂದವರೂ ಭಾರತೀಯ ಮೂಲದವರು. ಕೆಲಸದ ಜಾಗದಲ್ಲಿ ಅವಮಾನ ಉಂಡವನಿಗೆ ರಕ್ಷಣೆ ಬೇಡವೆಂದು ವಾದಿಸಲು ಯಾವ ಸಮುದಾಯದ ಮಾನವೂ ನೆಪವಾಗಬಾರದೆಂದು ನಾನು ನಂಬುತ್ತೇನೆ.

ತವರಿನ ಸರ್ಕಾರವೂ ಹೊರನಾಡಿಗರ ಎಲ್ಲ ಮಾತನ್ನೂ ಸಮನಾಗಿ ಸ್ವಾಗತಿಸುವುದಿಲ್ಲ. ಒಸಿಐ ಕಾರ್ಡುಳ್ಳವರು ಪತ್ರಿಕೋದ್ಯಮ, ಸಂಶೋಧನೆ, ಧರ್ಮಪ್ರಚಾರದಂತಹ ಕೆಲಸಗಳಿಗೆ ವಿಶೇಷ ಅನುಮತಿ ಪಡೆಯಬೇಕೆಂದು 2021ರ ಮಾರ್ಚಿನಲ್ಲಿ ಕೇಂದ್ರ ಅಧಿಸೂಚನೆ ಹೊರಡಿಸಿತು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರವೇ ಸಂವಿಧಾನ ಸಮಾವೇಶಕ್ಕೆ ಆಹ್ವಾನಿಸಿದ್ದ ಲಂಡನ್ನಿನ ಪ್ರಾಧ್ಯಾಪಕಿ ನಿತಾಶಾ ಕೌಲ್ ಅವರನ್ನು ಬೆಂಗಳೂರು ವಿಮಾನ ನಿಲ್ದಾಣದಿಂದಲೇ ಹಿಂದಕ್ಕೆ ಕಳಿಸಲಾಯಿತು. ಮರುವರ್ಷ ಅವರ ಒಸಿಐ ಕಾರ್ಡೂ ರದ್ದಾಯಿತು. ಹೊಗಳುವ ಅನಿವಾಸಿಗೆ ವೇದಿಕೆ, ಪ್ರಶ್ನಿಸುವ ಅನಿವಾಸಿಗೆ ವಾಪಸು ವಿಮಾನ ಎಂಬ ನೀತಿ ದೀರ್ಘಕಾಲದಲ್ಲಿ ದೇಶಕ್ಕೆ ಒಳಿತು ಮಾಡದು. ನ್ಯೂಯಾರ್ಕಿನಲ್ಲಿ ಕೂತು ಆಳುವವರನ್ನು ಪ್ರಶ್ನಿಸಿದ ಹರ್ಡೀಕರರನ್ನು ನಾವು ಗೌರವಿಸುವುದಾದರೆ ಈ ಮಾತನ್ನು ಹೇಳಲೇಬೇಕಾಗುತ್ತದೆ.

ಇನ್ನು ದನಿಯಿಲ್ಲದವರ ಕಡೆಗೆ ಬರೋಣ. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ರಷ್ಯಾದ ದಾಳಿಗೆ ಬಲಿಯಾದ. ಆ ಸಾವು ಇಡೀ ದೇಶದ ರಾಜಕೀಯ ಚರ್ಚೆಯನ್ನು ಕೆಲವು ವಾರಗಳ ಮಟ್ಟಿಗೆ ಬದಲಿಸಿತು. ಅಲ್ಲಿನ ಭಾರತೀಯರನ್ನು ಕರೆತರುವ ಆಪರೇಷನ್ ಗಂಗಾದ ವಿಮಾನಗಳು ಹೆಚ್ಚಾದವು, ಸಚಿವರು ಗಡಿ ದೇಶಗಳಿಗೆ ಧಾವಿಸಿದರು, ಒಳ್ಳೆಯ ಅಂಕ ಪಡೆದ ಮಕ್ಕಳು ಓದಿಗಾಗಿ ಯುದ್ಧದ ನಾಡಿಗೆ ಏಕೆ ಹೋಗಬೇಕಾಯಿತೆಂದು ಖಾಸಗಿ ವೈದ್ಯಕೀಯ ಸೀಟುಗಳ ಶುಲ್ಕದ ಪ್ರಶ್ನೆ ಎದ್ದಿತು. ಹಳ್ಳಿಯ ಅಂಗಳದಲ್ಲಿ ಕೂತಿದ್ದ ತಂದೆತಾಯಿಯ ಪ್ರಶ್ನೆ ದಿಲ್ಲಿಗೆ ಕೇಳಿಸಿದ್ದು ನಿಜ. ಆದರೆ ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಮರಳಿ ಬಂದವರನ್ನು ಇಲ್ಲಿನ ಕಾಲೇಜುಗಳಿಗೆ ಸೇರಿಸಿಕೊಳ್ಳಲು ಕಾನೂನಿನಲ್ಲಿ ಅವಕಾಶವಿಲ್ಲವೆಂದು ಕೇಂದ್ರ ಸುಪ್ರೀಂ ಕೋರ್ಟಿಗೆ ತಿಳಿಸಿತು. ಕರುಣೆ ಹುಟ್ಟಿಸುವ ಶಕ್ತಿ ಈ ಕುಟುಂಬಗಳಿಗಿತ್ತು, ನೀತಿಯನ್ನು ಬದಲಿಸುವಷ್ಟು ಸಂಘಟನೆ ಇರಲಿಲ್ಲ.

2023ರ ಏಪ್ರಿಲಿನಲ್ಲಿ ಸುಡಾನಿನಲ್ಲಿ ಯುದ್ಧ ಹೊತ್ತಿಕೊಂಡಾಗ, ಗಿಡಮೂಲಿಕೆ ಎಣ್ಣೆ ಮಾರಲು ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಬಿದ್ದರು. ಮೇ 10ಕ್ಕೆ ವಿಧಾನಸಭಾ ಚುನಾವಣೆ ಇದ್ದುದರಿಂದ ಅವರ ಸಂಕಟ ಸಿದ್ದರಾಮಯ್ಯ ಮತ್ತು ವಿದೇಶಾಂಗ ಸಚಿವ ಜೈಶಂಕರ್ ನಡುವಣ ಬಹಿರಂಗ ವಾಗ್ವಾದವಾಯಿತು. ಚುನಾವಣೆ ಇಲ್ಲದ ತಿಂಗಳಲ್ಲಿ ಅವರ ಹೆಸರು ಅಷ್ಟು ಬೇಗ ಮೇಲೆ ಬರುತ್ತಿತ್ತೆ ಎಂಬ ಸಂದೇಹ ನನಗಿದೆ. ಕರ್ನಾಟಕದಲ್ಲಿಯೂ ಅನಿವಾಸಿ ಭಾರತೀಯ ಸಮಿತಿ ಇದೆ, ಅದರ ಉಪಾಧ್ಯಕ್ಷೆ ಆರತಿ ಕೃಷ್ಣ ಅವರನ್ನು 2025ರಲ್ಲಿ ವಿಧಾನ ಪರಿಷತ್ತಿಗೆ ನಾಮಕರಣ ಮಾಡಲಾಯಿತು. ಅದು ಸ್ವಾಗತಾರ್ಹ. ಆದರೆ ಸಾಗರದಾಚೆಯ ಕನ್ನಡ ಸಮ್ಮೇಳನಗಳಿಗೆ ಸಚಿವರು ಹೋಗಿಬರುವಷ್ಟು ಸಲೀಸಾಗಿ ರಿಯಾದ್, ಮಸ್ಕತ್‌ಗಳ ಕಾರ್ಮಿಕರ ವಸತಿಗಳಿಗೆ ಹೋಗುವುದಿಲ್ಲ. ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಿಂದ ಪಾಸ್‌ಪೋರ್ಟ್ ಪಡೆದು ಹೊರಟವರು ಎಲ್ಲಿ, ಯಾವ ಕರಾರಿನ ಮೇಲೆ ದುಡಿಯುತ್ತಿದ್ದಾರೆಂಬ ಪಟ್ಟಿಯೊಂದನ್ನು ಜಿಲ್ಲಾ ಮಟ್ಟದಲ್ಲಿ ಇಡುವುದು ಕಷ್ಟದ ಕೆಲಸವಲ್ಲ. ಪಟ್ಟಿಯಿದ್ದರೆ ಆಪತ್ತಿನ ದಿನ ಯಾರನ್ನು ಹುಡುಕಬೇಕೆಂದು ತಿಳಿಯುತ್ತದೆ, ಫಾರ್ಮ್ 6ಎ ತುಂಬಿಸಲು ಯಾರನ್ನು ಸಂಪರ್ಕಿಸಬೇಕೆಂದೂ ತಿಳಿಯುತ್ತದೆ.

ದೇಶದ ಗಡಿ ದಾಟದೆಯೂ ಹೊರನಾಡಿಗರಾದವರು ನಮ್ಮಲ್ಲಿದ್ದಾರೆ. ಗದಗ, ಹಾವೇರಿ, ಧಾರವಾಡ ಜಿಲ್ಲೆಗಳಿಂದ ದುಡಿಯಲು ಗೋವಾಕ್ಕೆ ಹೋಗಿ ವಾಸ್ಕೊ, ಜುವಾರಿನಗರಗಳಲ್ಲಿ ನೆಲೆಸಿದವರು ಅಲ್ಲಿಯೇ ಮತದಾರರು, ಚುನಾವಣೆ ಬಂದಾಗ ಅವರ ಓಣಿಗಳಲ್ಲಿ ಕನ್ನಡದಲ್ಲಿ ಪ್ರಚಾರ ನಡೆಯುತ್ತದೆ. ಉಳಿದ ದಿನ ‘ಘಾಟಿ’ ಎಂಬ ಹೀಯಾಳಿಕೆ ಕೇಳಬೇಕು. 2017ರಲ್ಲಿ ಬೈನಾ ಕಡಲತೀರದಲ್ಲಿ ಅವರ ಮನೆಗಳನ್ನು ಕೆಡವಲಾಯಿತು. ಇತ್ತ ಗೋವಾಕ್ಕೆ ಹರಿಯುವ ಮಹದಾಯಿಯ ನೀರಿಗಾಗಿ ನರಗುಂದ, ನವಲಗುಂದದ ರೈತರು 2015ರಿಂದ ಹೋರಾಡುತ್ತಿದ್ದಾರೆ. 2018ರ ನ್ಯಾಯಮಂಡಳಿ ತೀರ್ಪು ಕಳಸಾ–ಬಂಡೂರಿ ಯೋಜನೆಗೆ 3.9 ಟಿಎಂಸಿ ಅಡಿ ನೀರು ಕೊಟ್ಟರೂ ಕಾಮಗಾರಿ ಅನುಮತಿಗಳಲ್ಲಿ ಸಿಕ್ಕಿಕೊಂಡಿತು. ಅಪ್ಪ ನವಲಗುಂದದಲ್ಲಿ ಧರಣಿ ಕೂತಿರುವಾಗ ಮಗ ವಾಸ್ಕೊದಲ್ಲಿ ಮಹದಾಯಿಯನ್ನು ಉಳಿಸುತ್ತೇವೆನ್ನುವ ಪಕ್ಷಕ್ಕೇ ಮತ ಹಾಕಬೇಕಾದ ಸ್ಥಿತಿ ಬಂದರೆ ಆಶ್ಚರ್ಯವಿಲ್ಲ. ಅವನನ್ನು ದ್ರೋಹಿ ಎನ್ನುವವರು ಒಟ್ಟಾವಾದಲ್ಲಿ ಆರ್ಯರನ್ನು ಸಂಶಯಿಸಿದವರ ತರ್ಕವನ್ನೇ ಆಡುತ್ತಿರುತ್ತಾರೆ.

ಹುಬ್ಬಳ್ಳಿಯಿಂದ ಒಂದು ತಾಸಿನ ದಾರಿಯಲ್ಲಿರುವ ಮುಂಡಗೋಡಿನ ಟಿಬೆಟನ್ ಕ್ಯಾಂಪಿನಲ್ಲಿ ಇದೇ ಪ್ರಶ್ನೆಗೆ ಇನ್ನೊಂದು ಮುಖವಿದೆ. ಅಲ್ಲಿ ನೆಲೆ ಕೊಟ್ಟ ದೇಶ ನಮ್ಮದು. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದ 1966ರಲ್ಲಿ ಆ ಕ್ಯಾಂಪು ಆರಂಭವಾಯಿತು. ಡ್ರೆಪುಂಗ್ ಮತ್ತು ಗಾಂಡೆನ್ ಮಹಾವಿಹಾರಗಳು ಅಲ್ಲಿ ಮತ್ತೆ ತಲೆಯೆತ್ತಿದವು. ಸಂಖ್ಯೆಯಲ್ಲಿ ತೀರ ಸಣ್ಣದಾದ ಟಿಬೆಟಿಯನ್ ಸಮುದಾಯ ಹೊರನಾಡಿನಲ್ಲಿದ್ದುಕೊಂಡೇ ಚುನಾಯಿತ ಆಡಳಿತ ನಡೆಸುತ್ತಿದೆ. 45 ಸದಸ್ಯರ ಸಂಸತ್ತಿಗೆ, ‘ಸಿಕ್ಯೋಂಗ್’ ಎಂಬ ಮುಖ್ಯಸ್ಥರಿಗೆ ಮುಂಡಗೋಡಿನಲ್ಲಿಯೂ ಮತದಾನವಾಗುತ್ತದೆ. ಆ ಆಡಳಿತ ಕೊಡುವ ಹಸಿರು ಪುಸ್ತಕದಲ್ಲಿ ವರ್ಷವರ್ಷ ಕಾಣಿಕೆ ಕಟ್ಟಿದ ದಾಖಲೆ ಇದ್ದವರು ಮತದಾರರು. 2011ರಲ್ಲಿ ದಲೈ ಲಾಮಾ ರಾಜಕೀಯ ಅಧಿಕಾರವನ್ನು ಬಿಟ್ಟುಕೊಟ್ಟ ಮೇಲೆ ಆ ಮತಕ್ಕೆ ತೂಕ ಹೆಚ್ಚಿತು. ಇವರ ನಿರಂತರ ಪ್ರಯತ್ನದ ಫಲವಾಗಿ ಅಮೆರಿಕ 2002, 2020 ಮತ್ತು 2024ರಲ್ಲಿ ಟಿಬೆಟ್ ಕುರಿತು ಕಾಯ್ದೆಗಳನ್ನು ಮಾಡಿತು. ತಾಯ್ನಾಡಿನ ಒಂದಡಿ ನೆಲವನ್ನೂ ಆಳದ ಸಂಸತ್ತೊಂದು ಇಷ್ಟನ್ನು ಸಾಧಿಸಿದೆ.

ಭಾರತದ ಮತದ ವಿಚಾರದಲ್ಲಿ ಇವರ ದಾರಿಯನ್ನು ತೆರೆದದ್ದು ಕರ್ನಾಟಕ ಹೈಕೋರ್ಟು. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಭಾರತದಲ್ಲಿ ಹುಟ್ಟಿದ ಟಿಬೆಟಿಯನ್ನರು ಹುಟ್ಟಿನಿಂದಲೇ ಭಾರತದ ಪೌರರೆಂದು 2013ರಲ್ಲಿ ಅದು ತೀರ್ಪು ಕೊಟ್ಟಿತು. ಮರುವರ್ಷ ಚುನಾವಣಾ ಆಯೋಗ ಅಂಥವರನ್ನು ಮತದಾರರ ಪಟ್ಟಿಗೆ ಸೇರಿಸುವಂತೆ ಸೂಚಿಸಿತು. ಕ್ಯಾಂಪಿನಲ್ಲಿ ಹೆಸರು ನೋಂದಾಯಿಸಿದವರೂ ಇದ್ದಾರೆ. ಬೇಡವೆಂದವರೂ ಇದ್ದಾರೆ, ಭಾರತದ ಪೌರರಾದರೆ ಟಿಬೆಟಿನ ಹೋರಾಟ ಸಡಿಲವಾದೀತೆಂಬ ಚಿಂತೆ ಅವರದು. ನೋಂದಾಯಿಸಿದವರಿಗೆ ಯಲ್ಲಾಪುರ ವಿಧಾನಸಭಾ ಕ್ಷೇತ್ರದ ಮತಗಟ್ಟೆ ಹತ್ತಿರದಲ್ಲಿಯೇ ಇದೆ, ಲ್ಹಾಸಾದಿಂದ ದೂರವಿರುವ ತಮ್ಮ ಸಂಸತ್ತಿನ ಮತಪೆಟ್ಟಿಗೆಯೂ ಕ್ಯಾಂಪಿನ ಒಳಗೇ ಬರುತ್ತದೆ. ದುಬೈಯಲ್ಲಿರುವ ಹಳೇ ಹುಬ್ಬಳ್ಳಿಯ ಎಲೆಕ್ಟ್ರಿಷಿಯನ್‌ಗೆ ಈ ಎರಡರಲ್ಲಿ ಒಂದೂ ಇಲ್ಲ.